ರಿಮ್‌ವರ್ಲ್ಡ್‌ ಗೇಮ್‌ನಲ್ಲಿ ಗೋಡೆಗೆ ಯಾವ ಕಲ್ಲು ಒಳ್ಳೆಯದು?

ಹೊರಗೋಡೆಗೆ ಕಣ್ಣುಮುಚ್ಚಿಕೊಂಡು ಗ್ರಾನೈಟ್ ಹಾಕಿ. ಸ್ಟೀಲ್ ಗೋಡೆಗೆ 300 ಹಿಟ್ ಪಾಯಿಂಟ್ (ಒಡೆಯುವ ಮುಂಚೆ ಎಷ್ಟು ಪೆಟ್ಟು ತಡೆಯುತ್ತದೆ ಅನ್ನೋ ಲೆಕ್ಕ), ಗ್ರಾನೈಟ್ ಗೋಡೆಗೆ 510. ಜೊತೆಗೆ ಕಲ್ಲಿಗೆ ಬೆಂಕಿ ಹತ್ತುವುದಿಲ್ಲ. ಈ ಗೇಮ್‌ನಲ್ಲಿ ಸ್ಟೀಲ್ ಕೂಡ ಉರಿಯುತ್ತದೆ, ವಿಚಿತ್ರ ಅಲ್ವಾ! ಮ್ಯಾಪ್‌ನಲ್ಲಿ ಗ್ರಾನೈಟ್ ಇಲ್ಲದಿದ್ದರೆ ಸುಣ್ಣಕಲ್ಲು (465) ಸಾಕು. ಮಾರ್ಬಲ್ ಬರೀ 360, ಆದರೆ ನೋಡಲು ಚೆಂದ. ಅದನ್ನು ಊಟದ ಕೋಣೆಯ ಶಿಲ್ಪಕ್ಕೆ ಉಳಿಸಿಕೊಳ್ಳಿ.

ಕಲ್ಲಿನ ಕೆಲಸ ತುಂಬಾ ನಿಧಾನ. ಒಂದು ಬಂಡೆ ಕಡಿದರೆ 20 ಬ್ಲಾಕ್, ಅಂದರೆ ನಾಲ್ಕೇ ಚೌಕ ಗೋಡೆ. ಅದಕ್ಕೇ ನಾನು ಮೊದಲು ಮರದಲ್ಲಿ ಕಟ್ಟಿ, ಆಮೇಲೆ ಒಂದೊಂದೇ ಬದಲಿಸುತ್ತೇನೆ.

ಬಾಗಿಲು ಮಾತ್ರ ಕಲ್ಲಿನದು ಬೇಡ. ಅದು ತೆರೆಯುವುದೇ ನಿಧಾನ, ಅಡುಗೆಮನೆ ಮುಂದೆ ಜನ ಸುಮ್ನೆ ಕಾಯುತ್ತಾ ನಿಂತಿರುತ್ತಾರೆ.