ಸಂಸ್ಥೆಯ ಫೇಸ್‌ಬುಕ್ ಪುಟಕ್ಕೆ ಸಾವಿರಾರು ಫಾಲೋವರ್‌ಗಳಿದ್ದಾರೆ, ಕೆಲಸಕ್ಕೆ ಬರುವವರು ಏಳೆಂಟು ಜನ. ಜಾಹೀರಾತು ಕೊಟ್ಟು ಫಾಲೋವರ್‌ಗಳನ್ನು ಇನ್ನೂ ಹೆಚ್ಚಿಸಬೇಕೆ?

ಬೇಡ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದವನು, ಅದಕ್ಕೇ ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಪುಟ ಎರಡು ಪಟ್ಟು ಬೆಳೆದರೂ ಸಭೆಗೆ ಬರುವವರು ಆ ಏಳೆಂಟು ಜನವೇ.

ನಿಮ್ಮ ಪೋಸ್ಟ್ ಓದಿ ಒಬ್ಬರಿಗೆ ನಿಜವಾಗಿಯೂ ಏನಾದರೂ ಮಾಡಬೇಕು ಅನ್ನಿಸಿತು ಅಂದುಕೊಳ್ಳಿ. ಕೊನೆಯಲ್ಲಿ ನೀವು ಬರೆದಿರುವುದು "ಜಾಗೃತರಾಗಿ, ಶೇರ್ ಮಾಡಿ" ಅಂತ. ಅವರು ಶೇರ್ ಮಾಡಿ ಮುಂದಕ್ಕೆ ಹೋದರು. ಅವರು ಯಾರು, ಎಲ್ಲಿಯವರು, ಯಾವ ನಂಬರಿಗೆ ಸಿಗುತ್ತಾರೆ ಎಂಬ ಒಂದು ವಿವರವೂ ನಿಮ್ಮ ಕೈಗೆ ಬರಲಿಲ್ಲ. ಮುಂದಿನ ಸಲ ಅವರನ್ನು ತಲುಪಬೇಕಾದರೆ ಮತ್ತೆ ಫೇಸ್‌ಬುಕ್ ಕಂಪನಿಯ ಮರ್ಜಿ ಕಾಯಬೇಕು. 2018ರ ಜನವರಿಯಲ್ಲಿ ಫೇಸ್‌ಬುಕ್ ಸ್ನೇಹಿತರು, ಮನೆಯವರ ಪೋಸ್ಟ್‌ಗಳಿಗೆ ಆದ್ಯತೆ ಕೊಟ್ಟು ಪುಟಗಳನ್ನು ಹಿಂದಕ್ಕೆ ಸರಿಸಿತು. ಯಾರನ್ನೂ ಕೇಳಲಿಲ್ಲ. ಫಾಲೋವರ್‌ಗಳ ಮೇಲೆ ಸಂಸ್ಥೆ ಕಟ್ಟುವುದೆಂದರೆ ಬಾಡಿಗೆ ಮನೆಗೆ ಸ್ವಂತ ಖರ್ಚಿನಲ್ಲಿ ಮಹಡಿ ಕಟ್ಟಿಸಿದ ಹಾಗೆ.

ಎಷ್ಟು ಜನ ನೋಡಿದರು ಎಂಬ ಲೆಕ್ಕವೂ ಹೀಗೇ ಮೋಸ ಮಾಡುತ್ತದೆ. ಉಗಾಂಡದ ಬಂಡುಕೋರ ಜೋಸೆಫ್ ಕೋನಿಯನ್ನು ಬಂಧಿಸಬೇಕೆಂದು 2012ರ ಮಾರ್ಚ್‌ನಲ್ಲಿ ಬಂದ ಅರ್ಧ ಗಂಟೆಯ ವಿಡಿಯೊವನ್ನು ಒಂದು ವಾರದೊಳಗೆ 10 ಕೋಟಿ ಸಲ ನೋಡಲಾಯಿತು. ಏಪ್ರಿಲ್ 20ರ ರಾತ್ರಿ ಬೀದಿಗಿಳಿದು ಪೋಸ್ಟರ್ ಅಂಟಿಸಿ ಎಂದು ಕರೆ ಕೊಟ್ಟಾಗ ಎಷ್ಟೋ ನಗರಗಳಲ್ಲಿ ಬಂದವರು ಬೆರಳೆಣಿಕೆ. ಇದಕ್ಕೆ ತದ್ವಿರುದ್ಧವಾಗಿ 2014ರ ಐಸ್ ಬಕೆಟ್ ಚಾಲೆಂಜ್ ನೋಡಿ, ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳಿ ಇಲ್ಲವೇ ದೇಣಿಗೆ ಕೊಡಿ ಎಂಬ ಸವಾಲು ಅದು. ಒಬ್ಬರು ಮೂವರ ಹೆಸರು ಹಿಡಿದು ಕರೆಯುತ್ತಿದ್ದರು, ಗಡುವು 24 ಗಂಟೆ, ಮಾಡಬೇಕಾದ್ದೇನು ಎಂಬುದರಲ್ಲಿ ಗೊಂದಲವಿರಲಿಲ್ಲ. ಎಎಲ್‌ಎಸ್ ಎಂಬ ನರರೋಗದ ವಿರುದ್ಧ ಕೆಲಸ ಮಾಡುವ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ 11.5 ಕೋಟಿ ಡಾಲರ್ ಬಂತು.

ಹಾಗಾಗಿ ಪ್ರತಿ ಪೋಸ್ಟಿನಲ್ಲೂ ಒಂದೇ ಕೋರಿಕೆ, ಒಂದು ದಿನಾಂಕ, ಒಂದು ಲಿಂಕ್ ಇರಲಿ. "ಗ್ರಂಥಾಲಯ ಉಳಿಸಿ" ಅನ್ನಬೇಡಿ. ಹೀಗೆ ಬರೆಯಿರಿ: "ಗ್ರಂಥಾಲಯ ರಾತ್ರಿ 8ರವರೆಗೆ ತೆರೆದಿರಬೇಕೇ ಎಂದು ಸಮಿತಿ 14ನೇ ತಾರೀಕು ತೀರ್ಮಾನಿಸುತ್ತದೆ. ನೀವು ಅಲ್ಲಿ ಓದುವವರಾದರೆ, ಯಾಕೆ ಬೇಕು ಎಂದು ಎರಡು ಸಾಲು ಬರೆದು 12ರೊಳಗೆ ಇಲ್ಲಿ ಕಳಿಸಿ." ಲಿಂಕ್ ಒತ್ತಿದರೆ ಆ ಎರಡು ಸಾಲಿನ ಜೊತೆ ಹೆಸರು, ಮೊಬೈಲ್ ನಂಬರ್, ಪ್ರದೇಶ ಕೇಳಿ. "ಮುಂದೆಯೂ ನನ್ನನ್ನು ಸಂಪರ್ಕಿಸಬಹುದು" ಎಂಬ ಟಿಕ್ ಬಾಕ್ಸ್ ಇರಲೇಬೇಕು. ವಯಸ್ಸು, ವೃತ್ತಿ, ಪೂರ್ತಿ ವಿಳಾಸ ಕೇಳಿದಷ್ಟೂ ಅರ್ಧಕ್ಕೆ ಬಿಟ್ಟು ಹೋಗುವವರು ಹೆಚ್ಚುತ್ತಾರೆ.

ಫಾರ್ಮ್ ತುಂಬಿದವರಿಗೆ 24 ಗಂಟೆಯೊಳಗೆ ಕರೆ ಹೋಗಬೇಕು. ನನ್ನ ಪ್ರಕಾರ ಇಡೀ ಕೆಲಸ ನಿಂತಿರುವುದು ಇದರ ಮೇಲೆಯೇ. ವಾರ ಬಿಟ್ಟು ಮಾಡಿದರೆ "ಯಾವ ಫಾರ್ಮ್?" ಅನ್ನುತ್ತಾರೆ. "ಬರ್ತೀರಾ?" ಅಂತ ಕೇಳಬೇಡಿ, "ನೋಡೋಣ" ಅನ್ನುತ್ತಾರೆ. "ಶನಿವಾರ ನಾಲ್ಕಕ್ಕೆ ಆಗುತ್ತಾ, ಭಾನುವಾರ ಹತ್ತಕ್ಕಾ? ಜೊತೆಗೆ ಯಾರನ್ನು ಕರ್ಕೊಂಡು ಬರ್ತೀರಿ?" ಅಂತ ಕೇಳಿ. ಹೂಂ ಅಂದವರಲ್ಲಿ ಅರ್ಧ ಜನ ಬರುತ್ತಾರೆ ಎಂಬುದು ಸಂಘಟಕರ ಹಳೆಯ ಲೆಕ್ಕ. 40 ಜನ ಬೇಕಿದ್ದರೆ 80 ಜನರನ್ನು ಒಪ್ಪಿಸಿ, ಹಿಂದಿನ ಸಂಜೆ ಇನ್ನೊಮ್ಮೆ ನೆನಪಿಸಿ. ಬಂದವರಲ್ಲಿ ಚುರುಕಾಗಿರುವ ಐವರಿಗೆ ತಲಾ ಐದು ಜನರ ಹೊಣೆ ಕೊಡಿ, ಕರೆಗಳ ಭಾರವೆಲ್ಲ ನಿಮ್ಮ ಮೇಲೆ ಬೀಳುವುದಿಲ್ಲ. ಎಕ್ಸೆಲ್ ಹಾಳೆಯಲ್ಲಿ ಕೊನೆಯ ಸಲ ಮಾತಾಡಿದ ದಿನ, ಅವರು ಮಾಡಿದ ಕೆಲಸ, ಮುಂದೆ ಕೇಳಬೇಕಾದ್ದು, ಹೊಣೆ ಯಾರದ್ದು ಎಂಬ ಕಾಲಂಗಳಿದ್ದರೆ ಸಾಕು.

ವಾಟ್ಸಾಪ್‌ನಲ್ಲಿ ಹಲವರು ಎಡವುತ್ತಾರೆ. ಒಂದೇ ಮೆಸೇಜನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿಯಿದೆ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜ್ ತಲುಪುತ್ತದೆ. ಮೊದಲ ಕರೆಯಲ್ಲೇ ಸೇವ್ ಮಾಡಿಸಿ. ಗ್ರೂಪಿನಲ್ಲಿ 1024 ಜನ ಹಿಡಿಸುತ್ತಾರೆ, ಆದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ದೌರ್ಜನ್ಯದಂಥ ಸೂಕ್ಷ್ಮ ವಿಷಯದಲ್ಲಿ ಕೆಲಸ ಮಾಡುವವರು ಗ್ರೂಪ್ ತೆರೆಯಲೇಬಾರದು. ನೀವು ಹಾಕಿದ್ದನ್ನು ಫಾಲೋವರ್‌ಗಳು ಓದುವ ವಾಟ್ಸಾಪ್ ಚಾನೆಲ್‌ನಲ್ಲಿ ಈ ಅಪಾಯವಿಲ್ಲ, ಆದರೆ ಫಾಲೋವರ್‌ಗಳ ನಂಬರ್ ನಿಮಗೂ ಸಿಗುವುದಿಲ್ಲ, ಅಂದರೆ ಪುಟದ ಕಥೆಯೇ.

ಇನ್ನು ಪ್ರಭಾವ. ನೀವು ಕೇಳುತ್ತಿರುವುದನ್ನು ಕೊಡುವ ಅಧಿಕಾರ ಯಾರ ಕೈಯಲ್ಲಿದೆ, ಅವರು ಯಾರ ಮಾತು ಕೇಳುತ್ತಾರೆ ಎಂದು ಮೊದಲು ಬರೆದುಕೊಳ್ಳಿ. ಅವರ ಇನ್‌ಬಾಕ್ಸಿಗೆ ಒಂದೇ ಒಕ್ಕಣೆಯ ಸಾವಿರ ಮೇಲ್ ಸುರಿದರೆ ಒಂದು ಫಿಲ್ಟರ್ ಹಾಕಿ ಬದಿಗಿಡುತ್ತಾರೆ. ಅವರದೇ ವ್ಯಾಪ್ತಿಯ ನಲವತ್ತು ಜನ ಹೆಸರು, ಪ್ರದೇಶ ಹಾಕಿ ತಮ್ಮದೇ ಮಾತಿನಲ್ಲಿ ಬರೆದರೆ ಓದಲೇಬೇಕಾಗುತ್ತದೆ. ಫಾರ್ಮಿನಲ್ಲಿ ಪ್ರದೇಶ ಕೇಳಿ ಅಂದದ್ದು ಇದಕ್ಕೇ.

ಜಾಹೀರಾತಿಗೆ ದುಡ್ಡು ತೆಗೆದಿಟ್ಟಿದ್ದರೆ ಪುಟದ ಲೈಕಿಗೆ ಹಾಕಬೇಡಿ, ಫಾರ್ಮ್ ತುಂಬಿಸುವುದಕ್ಕೆ ಹಾಕಿ. ಅದೂ ದಿನಕ್ಕೆ ನಿಮ್ಮ ತಂಡ ಎಷ್ಟು ಕರೆ ಮಾಡಬಲ್ಲದೋ ಅಷ್ಟೇ ಫಾರ್ಮ್ ಬರುವಂತೆ ದಿನದ ಬಜೆಟ್ ಇಳಿಸಿಕೊಳ್ಳಿ.