ಯುಕೆಯಲ್ಲಿ ಕೆಲಸ ಹೋಗುತ್ತಿದೆ: ಸೆಟಲ್‌ಮೆಂಟ್‌ಗೆ ಸಹಿ ಹಾಕಲೋ, ಟ್ರಿಬ್ಯುನಲ್‌ಗೆ ಹೋಗಲೋ?

ಕಂಪನಿ ಸ್ಪಾನ್ಸರ್ ಮಾಡಿದ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಮೂರು ವರ್ಷ, ಈಗ ರಿಡಂಡೆನ್ಸಿ (ಹುದ್ದೆಯೇ ರದ್ದು), ಕೈಯಲ್ಲಿ ಸೆಟಲ್‌ಮೆಂಟ್ ಅಗ್ರಿಮೆಂಟ್ (ದುಡ್ಡು ತಗೊಂಡು ಕೇಸ್ ಹಾಕುವುದಿಲ್ಲ ಅಂತ ಒಪ್ಪುವ ಪತ್ರ), ಹೆಂಡತಿ ಮಗು ಡಿಪೆಂಡೆಂಟ್ ವೀಸಾದಲ್ಲಿ; ಸಹಿ ಹಾಕಲೋ, ಕೆಲಸದ ತಕರಾರು ಕೇಳುವ ಟ್ರಿಬ್ಯುನಲ್‌ಗೆ ಹೋಗಲೋ ಅಂತ ನೀವು ಕೇಳಿದ್ದೀರಿ. 2023ರ ಕೊನೆಗೆ ರೀಡಿಂಗ್‌ನಲ್ಲಿ ನನ್ನದೂ ಇದೇ ಕತೆ. ನಾನು ಈಗ ಬೆಂಗಳೂರಿನಲ್ಲಿದ್ದೇನೆ, ಅಂದರೆ ಅದು ಹೇಗೆ ಮುಗಿಯಿತು ಅಂತ ಗೊತ್ತಾಯಿತಲ್ವಾ.

ನನ್ನ ಕಾಂಟ್ರಾಕ್ಟ್‌ನಲ್ಲಿ ಮೂರು ತಿಂಗಳ ನೋಟಿಸ್ ಇತ್ತು. ಎಚ್‌ಆರ್‌ನವರು ಬಹಳ ಮರ್ಯಾದೆಯಿಂದ, 'ನೀವು ಮೂರು ತಿಂಗಳು ಕೆಲಸ ಮಾಡಬೇಕಿಲ್ಲ, ಆ ಸಂಬಳ ಒಟ್ಟಿಗೆ ಕೊಡುತ್ತೇವೆ, ಶುಕ್ರವಾರವೇ ಕೊನೆಯ ದಿನ' ಅಂದರು. ಅದರ ಮೇಲೆ ಒಂದಿಷ್ಟು ಪರಿಹಾರ. ನನಗೆ ಖುಷಿಯೇ ಆಯಿತು. ಕೆಲಸ ಮಾಡದೆ ಸಂಬಳ, ಮನೆಯಲ್ಲಿ ಕೂತು ಬೇರೆ ಕೆಲಸ ಹುಡುಕಬಹುದು, ಯಾರು ಬೇಡ ಅಂತಾರೆ? ಸಹಿ ಹಾಕಿದೆ.

ಅಲ್ಲೇ ಎಡವಿದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ, ಯಾಕೆಂದರೆ ಇದನ್ನು ನನಗೆ ಆಗ ಯಾರೂ ಹೇಳಲಿಲ್ಲ. ನೋಟಿಸ್ ಬದಲು ದುಡ್ಡು ಕೊಡುವುದಕ್ಕೆ ಅಲ್ಲಿ ಪೈಲಾನ್ ಅಂತಾರೆ. ಪೈಲಾನ್ ತಗೊಂಡರೆ ನಿಮ್ಮ ಕೆಲಸ ಆ ಶುಕ್ರವಾರವೇ ಮುಗಿಯಿತು. ಕಂಪನಿ ಹತ್ತು ಕೆಲಸದ ದಿನದೊಳಗೆ ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಹೋಮ್ ಆಫೀಸ್‌ಗೆ ತಿಳಿಸಲೇಬೇಕು. ಅವರು ವೀಸಾ ಮೊಟಕು ಮಾಡಿ ಪತ್ರ ಕಳಿಸುತ್ತಾರೆ, ಸಾಮಾನ್ಯವಾಗಿ 60 ದಿನ ಕೊಟ್ಟು. ಹೆಂಡತಿ ಮಕ್ಕಳ ವೀಸಾವೂ ಜೊತೆಗೇ ಹೋಗುತ್ತದೆ. ಅದೇ ಮೂರು ತಿಂಗಳನ್ನು ಗಾರ್ಡನ್ ಲೀವ್ ಅಂತ ತಗೊಂಡಿದ್ದರೆ? ಆಗಲೂ ಆಫೀಸಿಗೆ ಹೋಗಬೇಕಿಲ್ಲ, ಆಗಲೂ ಪೂರ್ತಿ ಸಂಬಳ, ಆದರೆ ತಿಂಗಳು ತಿಂಗಳು ಬರುತ್ತದೆ, ಮತ್ತು ಅಷ್ಟೂ ದಿನ ನೀವು ಅವರ ನೌಕರರೇ, ಸ್ಪಾನ್ಸರ್‌ಶಿಪ್ ಜೀವಂತ. ಹೋಮ್ ಆಫೀಸ್ ಲೆಕ್ಕ ಶುರುವಾಗುವುದೇ ಅದೆಲ್ಲ ಮುಗಿದ ಮೇಲೆ. ಕಂಪನಿಗೆ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಕೇಳಿದ್ದರೆ ಕೊಡುತ್ತಿದ್ದರೇನೋ. ನಾನು ಕೇಳಲಿಲ್ಲ. ಬಾಡಿಗೆ ಮನೆಯ ಅಡ್ವಾನ್ಸ್ ಪೂರ್ತಿ ವಾಪಸ್ ಬಂತು ಅನ್ನೋ ಖುಷಿಯಲ್ಲಿ ಯಾರೋ ಅವತ್ತೇ ಬೀಗದಕೈ ಕೊಟ್ಟು, ಹೆಂಡತಿ ಮಕ್ಕಳನ್ನು ಬೀದಿಯಲ್ಲಿ ನಿಲ್ಲಿಸುತ್ತಾರಲ್ಲ, ನನ್ನದೂ ಹಾಗಾಯಿತು. ಇನ್ನು ಆ ದುಡ್ಡು: ಪರಿಹಾರದಲ್ಲಿ 30,000 ಪೌಂಡ್‌ವರೆಗೆ ತೆರಿಗೆ ಇಲ್ಲ, ಸರಿ, ಆದರೆ ಪೈಲಾನ್‌ಗೆ ಸಂಬಳದ ಹಾಗೇ ತೆರಿಗೆ ಹಿಡಿಯುತ್ತಾರೆ. ಅದೂ ಪೇಸ್ಲಿಪ್ ನೋಡಿದ ಮೇಲೆ ಗೊತ್ತಾಗಿದ್ದು.

ಲಾಯರ್ ಇರಲಿಲ್ವಾ ಅಂತ ಕೇಳಬಹುದು. ಇದ್ದರು. ಸ್ವತಂತ್ರ ಸಲಹೆ ಇಲ್ಲದೆ ಆ ಅಗ್ರಿಮೆಂಟ್ ಸಿಂಧುವೇ ಅಲ್ಲ, ಹಾಗಾಗಿ ಫೀಸನ್ನು ಸಾಮಾನ್ಯವಾಗಿ ಕಂಪನಿಯೇ ಕೊಡುತ್ತದೆ. ಅವರು ಎಂಪ್ಲಾಯ್‌ಮೆಂಟ್ ಸಾಲಿಸಿಟರ್. ದುಡ್ಡು, ತೆರಿಗೆ, ಪ್ರತಿಸ್ಪರ್ಧಿ ಕಂಪನಿಗೆ ಸೇರಬಹುದಾ, ಎಲ್ಲ ನೋಡಿದರು. ವೀಸಾ ತಮ್ಮ ಕೆಲಸವಲ್ಲ ಅಂತ ಮೊದಲ ಪತ್ರದಲ್ಲೇ ಬರೆದಿದ್ದರಂತೆ. ಯಾರು ಓದ್ತಾರೆ!

ಆಮೇಲೆ ಒಂದು ಸಣ್ಣ ಕಂಪನಿ ಕೆಲಸ ಕೊಡುತ್ತೇನೆ ಅಂದಿತು. ಅವರ ಹತ್ತಿರ ಹೊರದೇಶದವರಿಗೆ ವೀಸಾ ಕೊಡಿಸಲು ಬೇಕಾದ ಸ್ಪಾನ್ಸರ್ ಲೈಸೆನ್ಸ್ ಇರಲಿಲ್ಲ. ಅರ್ಜಿ ಹಾಕಿದರು, ಆದರೆ ಲೈಸೆನ್ಸ್‌ಗೆ ಎಂಟು ವಾರ ಹಿಡಿಯುವುದು ಮಾಮೂಲು, ಅಷ್ಟರಲ್ಲಿ ನಮ್ಮ ಗಡುವು ಮುಗಿಯಿತು. ಸಾಮಾನು ಅರ್ಧ ಮಾರಿ, ಅರ್ಧ ಸ್ನೇಹಿತರಿಗೆ ಕೊಟ್ಟು ವಿಮಾನ ಹತ್ತಿದೆವು. ಲೈಸೆನ್ಸ್ ಆಮೇಲೆ ಬಂತು. ಅಷ್ಟರಲ್ಲಿ 4 ಏಪ್ರಿಲ್ 2024 ಕಳೆದಿತ್ತು, ಈ ವೀಸಾಗೆ ಬೇಕಾದ ಕನಿಷ್ಠ ವಾರ್ಷಿಕ ಸಂಬಳ 26,200ರಿಂದ 38,700 ಪೌಂಡ್‌ಗೆ ಏರಿತ್ತು. ಅವರು ಕೊಡುತ್ತಿದ್ದುದು ಅದಕ್ಕಿಂತ ಕಮ್ಮಿ. ಮೊದಲೇ ಆ ವೀಸಾದಲ್ಲಿದ್ದು ನಡುವೆ ವೀಸಾದ ಕೊಂಡಿ ಕಳಚದವರಿಗೆ ರಿಯಾಯಿತಿ ಇತ್ತು, ನಮ್ಮದು ಕಳಚಿತ್ತು. ಐಎಲ್‌ಆರ್‌ನ (ಅಲ್ಲಿ ಕಾಯಂ ಆಗಿ ಇರುವ ಅನುಮತಿಯ) ಐದು ವರ್ಷದಲ್ಲಿ ಅರ್ಧ ದಾರಿ ದಾಟಿದ್ದೆವು, ಅದೂ ಸೊನ್ನೆ.

ಅದಕ್ಕೇ ಹೇಳುವುದು, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಸಹಿಯೋ ಟ್ರಿಬ್ಯುನಲ್ಲೋ ಅನ್ನುವುದು ಆಮೇಲಿನ ಮಾತು. ಕೇಸ್ ಹಾಕಿದ್ದೀರಿ ಅಂತ ಹೋಮ್ ಆಫೀಸ್ ಒಂದು ದಿನವೂ ಜಾಸ್ತಿ ಕೊಡುವುದಿಲ್ಲ, ಮತ್ತು ಕೇಸ್ ವರ್ಷಗಟ್ಟಲೆ ಎಳೆಯುತ್ತದೆ. ನೀವು ಜಗಳ ಆಡಬೇಕಾದ್ದು ಒಂದೇ ವಿಷಯಕ್ಕೆ, ಅಗ್ರಿಮೆಂಟ್‌ನಲ್ಲಿ ಬರೆಯುವ ಕೆಲಸದ ಕೊನೆಯ ದಿನಾಂಕಕ್ಕೆ. ದುಡ್ಡು ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ದಿನಾಂಕ ಮುಂದಕ್ಕೆ ತಳ್ಳಿಸಿ. 2022ರಿಂದ ಈ ವೀಸಾದಲ್ಲೇ ಇದ್ದೀರಿ ಅಂದರೆ ಹಳಬರ ರಿಯಾಯಿತಿ ಇನ್ನೂ ನಿಮ್ಮ ಕೈಯಲ್ಲಿದೆ. ಕೊಂಡಿ ತಪ್ಪಿದರೆ 22 ಜುಲೈ 2025ರಿಂದ ಬಂದ 41,700 ಪೌಂಡ್ ಕನಿಷ್ಠ ಸಂಬಳದ ಲೆಕ್ಕ. ಸಾಫ್ಟ್‌ವೇರ್‌ಗೆ ಆ ಹುದ್ದೆಗೇ ನಿಗದಿಯಾದ ಕನಿಷ್ಠ ಸಂಬಳ ಬೇರೆ, ಅದು ಇನ್ನೂ ಜಾಸ್ತಿ. ಹೊಸ ಕೆಲಸ ಹುಡುಕುವಾಗಲೂ ಲೈಸೆನ್ಸ್ ಇರುವ ಕಂಪನಿಗಳನ್ನೇ ನೋಡಿ, ಸರ್ಕಾರದ ಪಟ್ಟಿ ಆನ್‌ಲೈನ್‌ನಲ್ಲೇ ಇದೆ. ಗಡುವಿನೊಳಗೆ ಅರ್ಜಿ ಬಿದ್ದರೆ ತೀರ್ಮಾನ ಬರುವವರೆಗೆ ಅಲ್ಲೇ ಇರಬಹುದು.

ನಿಮ್ಮ ಹೆಂಡತಿ ಕೆಲಸಕ್ಕೆ ಹೋಗ್ತಾರಾ? ನೀವು ಅದನ್ನು ಬರೆದೇ ಇಲ್ಲ. ನನ್ನಾಕೆ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿದ್ದಳು. ಡಿಪೆಂಡೆಂಟ್ ಅಲ್ಲಿದ್ದುಕೊಂಡೇ ಸ್ಕಿಲ್ಡ್ ವರ್ಕರ್ ಆಗಬಹುದು, ಗಂಡ ಅವಳ ಡಿಪೆಂಡೆಂಟ್ ಆಗಬಹುದು. ನಾವು ಬಂದ ಮೇಲೆ ಅವಳ ಮ್ಯಾನೇಜರ್ 'ಕೇಳಿದ್ದರೆ ನಾವೇ ಸ್ಪಾನ್ಸರ್ ಮಾಡುತ್ತಿದ್ದೆವಲ್ಲ' ಅಂದರಂತೆ. ಮನೆಯಲ್ಲಿ ಆ ವಿಷಯ ಈಗಲೂ ಎತ್ತುವ ಹಾಗಿಲ್ಲ.

ಟ್ರಿಬ್ಯುನಲ್ ಗಡುವು ಮಾತ್ರ ಮರೆಯಬೇಡಿ. ಮೂರು ತಿಂಗಳಿಗೆ ಒಂದು ದಿನ ಕಮ್ಮಿ, ಅಷ್ಟರೊಳಗೆ ಏಕಾಸ್‌ಗೆ (ಕೇಸ್‌ಗೆ ಮುಂಚೆ ರಾಜಿ ಮಾಡಿಸಲು ನೋಡುವ ಸಂಸ್ಥೆ) ತಿಳಿಸಿರಬೇಕು. 2025ರ ಹೊಸ ಕಾನೂನು ಇದನ್ನು ಆರು ತಿಂಗಳು ಮಾಡುತ್ತದೆ, ಆದರೂ ನೀವು ಮೂರರ ಲೆಕ್ಕದಲ್ಲೇ ಇರಿ. ಸಹಿಗೆ ಮುಂಚೆ ವೀಸಾ ಗೊತ್ತಿರುವ ಸಾಲಿಸಿಟರ್‌ಗೆ ಅಗ್ರಿಮೆಂಟ್ ತೋರಿಸಿ, ಫೀಸ್ ಕೈಯಿಂದಲೇ ಹೋಗಲಿ. ಮತ್ತೆ ಇವತ್ತೇ ಕಾಂಟ್ರಾಕ್ಟ್ ತೆಗೆದು ಅದರಲ್ಲಿ ಪೈಲಾನ್ ಕಲಂ ಇದೆಯಾ ನೋಡಿ. ಇಲ್ಲದಿದ್ದರೆ ನೀವು ಒಪ್ಪದೆ ನೋಟಿಸ್ ಬದಲು ದುಡ್ಡು ಕೊಟ್ಟು ಕಳಿಸುವುದು ಅವರಿಗೇ ಕಾಂಟ್ರಾಕ್ಟ್ ಮುರಿದ ಹಾಗೆ, ಮತ್ತು ಗಾರ್ಡನ್ ಲೀವ್ ಕೇಳಲು ನಿಮಗೆ ಅದಕ್ಕಿಂತ ಒಳ್ಳೆ ಹಿಡಿತ ಸಿಗುವುದಿಲ್ಲ.