1991ರ ಆ ಒಂದು ಕಿಕ್ ಬಿಟ್ಟರೆ ಗೇವಿನ್ ಹೇಸ್ಟಿಂಗ್ಸ್ ಎಂಥ ರಗ್ಬಿ ಆಟಗಾರ?

ನಿಮ್ಮ ಪ್ರಶ್ನೆ ಇದು: ವಿಶ್ವಕಪ್ ಸೆಮಿಫೈನಲ್‌ನಲ್ಲಿ ಗೋಲುಕಂಬಗಳ ನೇರಕ್ಕೇ ಸಿಕ್ಕ ಪೆನಾಲ್ಟಿ (ಎದುರಾಳಿಯ ತಪ್ಪಿಗೆ ಸಿಗುವ, 3 ಅಂಕದ ಕಿಕ್) ಹಾಳು ಮಾಡಿದವರನ್ನು ಸ್ಕಾಟ್ಲೆಂಡಿನವರು ಇಷ್ಟೊಂದು ಮೆಚ್ಚುವುದೇಕೆ? ಆ ಕಿಕ್ ಅವರ ಆಟದ ಅಳತೆಗೋಲೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೇಸ್ಟಿಂಗ್ಸ್ ಹುಟ್ಟಿದ್ದು 1962ರಲ್ಲಿ, ಎಡಿನ್‌ಬರೋದಲ್ಲಿ. ಆಡುತ್ತಿದ್ದದ್ದು ಫುಲ್‌ಬ್ಯಾಕ್, ಅಂದರೆ ಎಲ್ಲರಿಗಿಂತ ಹಿಂದೆ ನಿಂತು ಎತ್ತರದ ಚೆಂಡು ಹಿಡಿಯುವ, ಕೊನೆಯ ಟ್ಯಾಕಲ್ ಮಾಡುವ (ಚೆಂಡು ಹಿಡಿದು ಓಡುವವರನ್ನು ಕೆಡಹುವ) ಜಾಗ. 1986ರ ಜನವರಿಯಲ್ಲಿ ಫ್ರಾನ್ಸ್ ಎದುರು ಸ್ಕಾಟ್ಲೆಂಡ್ ಪರ ಮೊದಲ ಪಂದ್ಯ. ತಮ್ಮ ಸ್ಕಾಟ್‌ಗೂ ಅಂದೇ ಮೊದಲ ಪಂದ್ಯ. ಹೇಸ್ಟಿಂಗ್ಸ್ ಒದ್ದ ಮೊದಲ ಕಿಕ್‌ಆಫ್ ಸೀದಾ ಗೆರೆಯಾಚೆ ಹೋಯಿತು. ಆಟ ನಡುಗೆರೆಗೆ ವಾಪಸ್ ಬರುತ್ತದೆಂದು ಸ್ಕಾಟ್ಲೆಂಡಿನವರು ತಿರುಗುವಷ್ಟರಲ್ಲಿ ಫ್ರೆಂಚರು ಚೆಂಡನ್ನು ಥಟ್ಟನೆ ಒಳಗೆಸೆದು ಟ್ರೈ ಹೊಡೆದರು, ಅಂದರೆ ಎದುರಾಳಿಯ ಗೋಲುಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸಿದರು. ಅದೇ ಪಂದ್ಯದಲ್ಲಿ ಹೇಸ್ಟಿಂಗ್ಸ್ ಆರು ಪೆನಾಲ್ಟಿ ಹಾಕಿದರು. ಸ್ಕಾಟ್ಲೆಂಡ್ 18-17ರಿಂದ ಗೆದ್ದಿತು. ಆ 18 ಅಂಕವೂ ಅವರದೇ.

1990ರಲ್ಲಿ ಎಡಿನ್‌ಬರೋದ ಕ್ರೀಡಾಂಗಣ ಮರ್ರೇಫೀಲ್ಡ್‌ನಲ್ಲಿ ಇಂಗ್ಲೆಂಡನ್ನು 13-7ರಿಂದ ಸೋಲಿಸಿ ಗ್ರ್ಯಾಂಡ್‌ಸ್ಲಾಮ್ (ಐದು ದೇಶಗಳ ವಾರ್ಷಿಕ ಟೂರ್ನಿಯ ಎಲ್ಲ ಪಂದ್ಯಗಳಲ್ಲೂ ಗೆಲುವು) ಗೆದ್ದಾಗ ಟೋನಿ ಸ್ಟ್ಯಾಂಗರ್ ಟ್ರೈ ಹೊಡೆದದ್ದು ಹೇಸ್ಟಿಂಗ್ಸ್ ಮುಂದಕ್ಕೆ ಒದ್ದ ಚೆಂಡನ್ನು ಬೆನ್ನಟ್ಟಿ. ಈ ಎರಡು ದೇಶಗಳು ಸೆಣಸುವ ಕಲ್ಕತ್ತಾ ಕಪ್ ಗೊತ್ತಲ್ಲ? 1878ರಲ್ಲಿ ಕಲ್ಕತ್ತಾದ ಕ್ಲಬ್ಬೊಂದು ಮುಚ್ಚುವಾಗ 270 ಬೆಳ್ಳಿ ರೂಪಾಯಿ ಕರಗಿಸಿ ಮಾಡಿಸಿದ ಬಟ್ಟಲು ಅದು.

ಇನ್ನು ಆ ಕಿಕ್. 1991ರ ಅಕ್ಟೋಬರ್ 26, ಅದೇ ಮರ್ರೇಫೀಲ್ಡ್, ಅದೇ ಇಂಗ್ಲೆಂಡ್. ಅಂಕ 6-6, ಸ್ಕಾಟ್ಲೆಂಡಿನ ಆ ಆರೂ ಹೇಸ್ಟಿಂಗ್ಸ್ ಒದ್ದವು. ಕಂಬಗಳ ನಡುವಿನ ಅಂತರ 5.6 ಮೀಟರ್. 20 ಮೀಟರ್ ದೂರದಿಂದ ನೇರಕ್ಕೆ ಒದೆಯುವವರಿಗೆ ಅತ್ತಿತ್ತ ಸುಮಾರು 8 ಡಿಗ್ರಿ ತಪ್ಪಿದರೂ ನಡೆಯುತ್ತದೆ. ಆದರೂ ತಪ್ಪುವುದು ಹೇಗೆ? ಓರೆಯಾಗಿ ಓಡಿಬಂದು ಬಲಗಾಲಿನಲ್ಲಿ ಒದ್ದ ಚೆಂಡು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಬಾಗುತ್ತದೆ. ಹತ್ತಿರದ ಕಿಕ್ ಅಂತ ಕಾಲನ್ನು ಪೂರ್ತಿ ಬೀಸದೆ ತಳ್ಳಿದರೆ ಆ ಬಾಗು ಬರುವುದಿಲ್ಲ, ಚೆಂಡು ಬಲಕ್ಕೇ ಉಳಿದುಬಿಡುತ್ತದೆ. ಅಂದೂ ಅದು ಬಲಗಂಬದಾಚೆ ಹೋಯಿತು. ಸ್ವಲ್ಪ ಮೊದಲಷ್ಟೇ ಅವರಿಗೆ ಜೋರಾದ ಟ್ಯಾಕಲ್ ಬಿದ್ದಿತ್ತು. ಸುಧಾರಿಸಿಕೊಳ್ಳಲು ಸಮಯ ತೆಗೆದುಕೊಳ್ಳಬೇಕಿತ್ತು, ಇಲ್ಲವೇ ಚೆಂಡನ್ನು ತಂಡದ ಇನ್ನೊಬ್ಬ ಕಿಕ್ಕರ್ ಕ್ರೇಗ್ ಚಾಮರ್ಸ್ ಕೈಗೆ ಕೊಡಬೇಕಿತ್ತು. ಆಮೇಲೆ ಇಂಗ್ಲೆಂಡಿನ ರಾಬ್ ಆಂಡ್ರ್ಯೂ ಡ್ರಾಪ್‌ಗೋಲ್ (ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಒದ್ದು ಕಂಬಗಳ ನಡುವೆ ಹಾಯಿಸುವುದು) ಹಾಕಿದರು, ಇಂಗ್ಲೆಂಡ್ 9-6ರಿಂದ ಗೆದ್ದಿತು.

ಮುಂದಿನದನ್ನು ನೋಡಿ. 1993ರಲ್ಲಿ ಲಯನ್ಸ್ (ಬ್ರಿಟನ್ ಮತ್ತು ಐರ್ಲೆಂಡಿನ ಆಟಗಾರರ ಜಂಟಿ ತಂಡ) ತಂಡದ ನಾಯಕರಾಗಿ ನ್ಯೂಜಿಲೆಂಡಿಗೆ ಹೋದರು. ಮೊದಲ ಟೆಸ್ಟ್ 20-18ರಿಂದ ಕೈತಪ್ಪಿದರೂ ಆ 18 ಅಂಕವೂ ಅವರದೇ. 1995ರ ಫೆಬ್ರವರಿಯಲ್ಲಿ ಫ್ರಾನ್ಸ್ ಎದುರು ಪ್ಯಾರಿಸ್‌ನಲ್ಲಿ 21-16ರ ಹಿನ್ನಡೆ, ಆಟ ಮುಗಿಯುತ್ತಾ ಬಂದಿತ್ತು. ಸಹ ಆಟಗಾರ ಗ್ರೆಗರ್ ಟೌನ್‌ಸೆಂಡ್ ಕೈಯೊಳಗಿಂದ ಹಿಂದಕ್ಕೆ ಜಾರಿಸಿದ ಚೆಂಡು ಹಿಡಿದು ಕಂಬಗಳ ಕೆಳಕ್ಕೆ ಓಡಿದರು, ಕನ್ವರ್ಷನ್ (ಟ್ರೈ ಬಳಿಕ ಸಿಗುವ 2 ಅಂಕದ ಕಿಕ್) ಕೂಡ ತಾವೇ ಒದ್ದರು: 23-21. ಸ್ಕಾಟ್ಲೆಂಡ್ ಅಲ್ಲಿ ಗೆದ್ದು 26 ವರ್ಷವಾಗಿತ್ತು. ಅವರದೊಂದೇ ಆಟ ನೋಡುವುದಾದರೆ ಇದನ್ನೇ ನೋಡಿ. ಅದೇ ವರ್ಷದ ವಿಶ್ವಕಪ್‌ನಲ್ಲಿ ಐವರಿ ಕೋಸ್ಟ್ ಎದುರು ಒಬ್ಬರೇ 44 ಅಂಕ ಗಳಿಸಿದರು: 4 ಟ್ರೈ, 9 ಕನ್ವರ್ಷನ್, 2 ಪೆನಾಲ್ಟಿ.

ಆ ವಿಶ್ವಕಪ್ ಮುಗಿಸಿ ನಿವೃತ್ತರಾದಾಗ ಸ್ಕಾಟ್ಲೆಂಡ್ ಪರ 61 ಪಂದ್ಯ, 667 ಅಂಕ. ಈ ಮೊತ್ತವನ್ನು ಮುಂದೆ ದಾಟಿದವರು ಕ್ರಿಸ್ ಪ್ಯಾಟರ್ಸನ್. ಹೇಸ್ಟಿಂಗ್ಸ್ 1996ರಲ್ಲಿ ಸ್ಕಾಟಿಷ್ ಕ್ಲೇಮೋರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಕಿಕ್ಕರ್ ಆಗಿ ಸೇರಿದರು. ಆ ತಂಡ ತನ್ನ ಲೀಗಿನ ಫೈನಲ್ ಆದ ವರ್ಲ್ಡ್ ಬೌಲ್ ಗೆದ್ದದ್ದೂ ಮರ್ರೇಫೀಲ್ಡ್‌ನಲ್ಲೇ.